ಕಥೆ ತಿದ್ದುವುದು ಹೇಗೆ: ಒಂದು ಕರಡು, ಐದು ಜನ ಓದುಗರು

ಮೊದಲ ಸಲ ಒಂದು ಕಥಾ ಕಮ್ಮಟದಲ್ಲಿ ನನ್ನ ಕಥೆ ಚರ್ಚೆಗೆ ಬಂದಾಗ ನಾನು ಇಪ್ಪತ್ತು ನಿಮಿಷ ವಾದ ಮಾಡಿದೆ. ಗೆದ್ದೆ ಕೂಡ. ಎಲ್ಲರೂ ಸುಮ್ಮನಾದರು. ಕಥೆ ಮಾತ್ರ ಹೇಗಿತ್ತೋ ಹಾಗೇ ಉಳಿಯಿತು, ಎಲ್ಲೂ ಅಚ್ಚಾಗಲಿಲ್ಲ.

ಆಮೇಲೆ ಬೇರೆ ಬೇರೆ ಗುಂಪುಗಳಲ್ಲಿ ಕೂತಿದ್ದೇನೆ. ಕೆಲವು ಮೂರೇ ತಿಂಗಳಿಗೆ ಮುರಿದುಬಿದ್ದವು, ಒಂದು ಮಾತ್ರ ವರ್ಷಗಟ್ಟಲೆ ನಡೆಯಿತು. ಅಷ್ಟು ದಿನ ಕೂತ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. ನನ್ನ ಕಥೆಯ ಬಗ್ಗೆ ಬೇರೆಯವರು ಹೇಳಿದ್ದು ಆ ಒಂದು ಕಥೆಯ ಉಪಯೋಗಕ್ಕೆ ಬಂತು. ಬೇರೆಯವರ ಕಥೆಯ ಬಗ್ಗೆ ನಾನು ಕೂತು ಬರೆದ ಟಿಪ್ಪಣಿ ಮುಂದಿನ ಎಲ್ಲ ಕಥೆಗಳ ಉಪಯೋಗಕ್ಕೆ ಬಂತು. ಹಾಗಾಗಿ ಈ ಲೇಖನದಲ್ಲಿ ಓದುವ ಭಾಗಕ್ಕೆ ಜಾಗ ಜಾಸ್ತಿ. ಕೇಳಿಸಿಕೊಳ್ಳುವುದು, ತಿದ್ದುವುದು ಅದರ ಹಿಂದೆ ಬರುತ್ತವೆ.

ಉದಾಹರಣೆಗೆ ನನ್ನದೇ ಒಂದು ಕರಡನ್ನು ಇಟ್ಟುಕೊಳ್ಳುತ್ತೇನೆ. ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕ. ಕಣ್ಣು ಮಂಜಾಗುತ್ತಿದೆ, ಯಾರಿಗೂ ಹೇಳಿಲ್ಲ. ಒಂದು ದಿನ ಮಗ ಬರುತ್ತಾನೆ. ಇಷ್ಟೇ ಕಥೆ.

ಯಾವಾಗ ತೋರಿಸಬೇಕು

ಬರೆದು ಮುಗಿಸಿದ ರಾತ್ರಿ ಖಂಡಿತ ಬೇಡ. ಆಗ ನಮಗೆ ಬೇಕಿರುವುದು ಅಭಿಪ್ರಾಯ ಅಲ್ಲ, ಬೆನ್ನು ತಟ್ಟುವ ಕೈ. ಅದು ತಪ್ಪೇನಲ್ಲ. ಆದರೆ ಅದಕ್ಕೆ ಒಬ್ಬ ಗೆಳೆಯ ಸಾಕು, ಕಮ್ಮಟ ಬೇಕಿಲ್ಲ.

ಕರಡನ್ನು ಎರಡು ವಾರ ಮುಟ್ಟದೆ ಇಡಿ. ಆಮೇಲೆ ಗಟ್ಟಿಯಾಗಿ ಓದಿ. ಮನಸ್ಸಲ್ಲೇ ಓದಿದರೆ ಕಣ್ಣು ತಪ್ಪುಗಳನ್ನು ಹಾರಿಸಿಕೊಂಡು ಹೋಗುತ್ತದೆ, ನಾಲಿಗೆ ಹಾಗೆ ಬಿಡುವುದಿಲ್ಲ. ಉಸಿರು ಸಿಕ್ಕಿಕೊಂಡ ಕಡೆ ಒಂದು ಗೆರೆ. ನಿಮಗೇ ಬೇಜಾರಾಗಿ ಬೇಗ ಬೇಗ ಓದಿದ ಕಡೆ ಎರಡು ಗೆರೆ. ಎರಡು ಗೆರೆ ಇದ್ದ ಜಾಗವನ್ನು ಬೇರೆಯವರಿಗೆ ತೋರಿಸುವ ಮೊದಲೇ ಸರಿಮಾಡಿ. ನಿಮಗೆ ಗೊತ್ತಿರುವ ತಪ್ಪನ್ನೇ ಐದು ಜನರ ಬಾಯಲ್ಲಿ ಹೇಳಿಸಿದರೆ ನಿಮಗೆ ಗೊತ್ತಿಲ್ಲದ ತಪ್ಪಿನ ಬಗ್ಗೆ ಮಾತಾಡಲು ಯಾರಿಗೂ ಸಮಯ ಉಳಿಯುವುದಿಲ್ಲ.

ತೀರಾ ತಡ ಮಾಡುವುದೂ ಇದೆ. ಹತ್ತನೇ ಸಲ ಅಲ್ಪವಿರಾಮ ತಿದ್ದುತ್ತಾ ಕೂತಿದ್ದೀರಿ ಅಂದರೆ ತಡವಾಗಿದೆ ಎಂದೇ ಅರ್ಥ. ಅಷ್ಟು ನುಣುಪು ಮಾಡಿದ ಕಥೆಯಲ್ಲಿ ಒಂದು ಪಾತ್ರವನ್ನು ಕಿತ್ತುಹಾಕಿ ಎಂದು ಯಾರಾದರೂ ಹೇಳಿದರೆ ಮನಸ್ಸು ಒಪ್ಪುವುದಿಲ್ಲ. ಕಥೆ ಇನ್ನೂ ಸ್ವಲ್ಪ ಹಸಿ ಇರಬೇಕು. "ಎಲ್ಲೋ ಏನೋ ಸರಿಯಿಲ್ಲ, ಎಲ್ಲಿ ಅಂತ ಗೊತ್ತಾಗ್ತಿಲ್ಲ" ಎನ್ನುವ ಹಂತ ಬರುತ್ತದಲ್ಲ, ಅದೇ ಸರಿಯಾದ ಹೊತ್ತು.

ಗುಂಪು ಕಟ್ಟುವುದು

ನಾಲ್ಕರಿಂದ ಆರು ಜನ. ಇದು ನನ್ನ ಲೆಕ್ಕ, ಯಾವ ಶಾಸ್ತ್ರವೂ ಅಲ್ಲ. ಮೂರೇ ಜನ ಇದ್ದರೆ ಒಬ್ಬರ ಅಭಿರುಚಿಯೇ ತೀರ್ಪಾಗಿಬಿಡುತ್ತದೆ. ಎಂಟು ದಾಟಿದರೆ ಗಡಿಯಾರ ನೋಡುತ್ತಾ ಕೂರಬೇಕು.

ಆರು ಜನರ ಗುಂಪು ಎಂದುಕೊಳ್ಳಿ. ಒಂದು ಕಥೆಗೆ ಐದು ಜನ, ತಲಾ ಐದು ನಿಮಿಷ ಅಂದರೆ 25 ನಿಮಿಷ. ಎಲ್ಲರೂ ಸೇರಿ ಚರ್ಚಿಸಲು 15 ನಿಮಿಷ, ಕಥೆಗಾರರಿಗೆ 5. ಒಟ್ಟು 45. ಒಂದು ಸಲ ಸೇರಿದಾಗ ಎರಡು ಕಥೆ ಮುಗಿಸಬಹುದು, ಒಂದೂವರೆ ಗಂಟೆ. ತಿಂಗಳಿಗೊಮ್ಮೆ ಸೇರಿದರೆ ಮೂರು ತಿಂಗಳಿಗೊಮ್ಮೆ ನಿಮ್ಮ ಸರದಿ ಬರುತ್ತದೆ. ನಡುವೆ ಐದು ಬೇರೆ ಕಥೆಗಳನ್ನು ಓದಿರುತ್ತೀರಿ. ಲಾಭ ಇರುವುದು ಈ ಐದರಲ್ಲಿ.

ಎಲ್ಲರೂ ಒಂದೇ ಮಟ್ಟದ ಬರಹಗಾರರು ಆಗಿರಬೇಕಿಲ್ಲ. ಆದರೆ ಎಲ್ಲರಿಗೂ ಒಂದೇ ಮಟ್ಟದ ಆಸ್ಥೆ ಇರಬೇಕು. ಹೊಸದಾಗಿ ಬರೆಯುವವರು ಎಷ್ಟೋ ಸಲ ಪಳಗಿದವರಿಗಿಂತ ನೇರವಾಗಿ "ಇಲ್ಲಿ ನನಗೆ ಅರ್ಥ ಆಗಲಿಲ್ಲ" ಎನ್ನುತ್ತಾರೆ. ಅದು ಚಿನ್ನದಂಥ ಮಾತು. ಪಳಗಿದವರು ಅರ್ಥವಾಗದ್ದನ್ನೂ ಅರ್ಥ ಮಾಡಿಕೊಂಡುಬಿಡುತ್ತಾರೆ. ನಿಮ್ಮ ರುಚಿಗೆ ಪೂರ್ತಿ ಉಲ್ಟಾ ಓದುವ ಒಬ್ಬರನ್ನಾದರೂ ಸೇರಿಸಿಕೊಳ್ಳಿ. ಪತ್ತೇದಾರಿ ಕಥೆ ಬರೆಯುವವರು ನಿಮ್ಮ ನಿಧಾನಗತಿಯ ಕಥೆಯಲ್ಲಿ ಎಲ್ಲಿ ಆಕಳಿಸಿದರು ಎಂಬುದು ನಿಮಗೆ ಗೊತ್ತಿರಬೇಕು. ಮನೆಯವರನ್ನು ಬಿಡಿ. ಅವರು ಕಥೆಯಲ್ಲಿ ತಮ್ಮನ್ನೇ ಹುಡುಕುತ್ತಾರೆ.

ನಿಯಮ ಕಡಿಮೆ ಇರಲಿ, ಬಿಗಿಯಾಗಿರಲಿ. ಕರಡು ಒಂದು ವಾರ ಮೊದಲೇ ಎಲ್ಲರ ಕೈ ಸೇರಬೇಕು. ಪುಟಸಂಖ್ಯೆ ಇರಬೇಕು, ಇಲ್ಲದಿದ್ದರೆ ಚರ್ಚೆಯ ಅರ್ಧ ಸಮಯ "ಆ ಮಳೆ ಬರುವ ಭಾಗ ಇದೆಯಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ" ಎನ್ನುವುದರಲ್ಲೇ ಹೋಗುತ್ತದೆ. ಸಾಲುಗಳ ನಡುವೆ ಕೈಯಲ್ಲಿ ಬರೆಯುವಷ್ಟು ಜಾಗ ಬಿಡಿ. ಪದಗಳಿಗೆ ಒಂದು ಮಿತಿ ಇರಲಿ, 3,000 ಪದ ಅಂದರೆ ಜನ ನಿಜವಾಗಿಯೂ ಎರಡು ಸಲ ಓದುತ್ತಾರೆ. ಓದದೆ ಬಂದವರು ಮಾತಾಡುವಂತಿಲ್ಲ. ಕರಡು ಗುಂಪಿನಿಂದ ಹೊರಗೆ ಹೋಗುವಂತಿಲ್ಲ. ಇಷ್ಟು ಸಾಕು.

ಬೇರೆಯವರ ಕರಡನ್ನು ಓದುವುದು

ಮೊದಲ ಓದಿಗೆ ಪೆನ್ನು ಹಿಡಿಯಬೇಡಿ. ಪೆನ್ನು ಕೈಯಲ್ಲಿದ್ದರೆ ನಾವು ಓದುಗರಾಗಿ ಉಳಿಯುವುದಿಲ್ಲ, ಮೇಷ್ಟ್ರಾಗಿಬಿಡುತ್ತೇವೆ. ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಗಮನ ಎಲ್ಲಿ ತಪ್ಪಿತೋ ಅಲ್ಲಿ ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ಯಾಕೆ ಅಂತ ಯೋಚಿಸಬೇಡಿ. ಫೋನ್ ನೋಡಬೇಕು ಅನ್ನಿಸಿತಾ, ಹಿಂದಿನ ಪುಟಕ್ಕೆ ಹೋಗಿ ಹೆಸರು ಹುಡುಕಿದಿರಾ, ಎರಡು ಸಾಲು ಹಾರಿಸಿದಿರಾ? ಚುಕ್ಕೆ. ಎಲ್ಲಿ ಮೈಮರೆತು ಓದಿದಿರೋ ಅಲ್ಲಿ ಒಂದು ಸಣ್ಣ ಸರಿ ಗುರುತು.

ಒಂದು ದಿನ ಬಿಟ್ಟು ಎರಡನೇ ಓದು. ಈಗ ಚುಕ್ಕೆಗಳ ಕಾರಣ ಹುಡುಕಿ. ಇಲ್ಲೊಂದು ಮಜಾ ಇದೆ. ಬೇಜಾರಾದ ಜಾಗ ಒಂದು, ಕಾರಣ ಇರುವ ಜಾಗ ಇನ್ನೊಂದು. ಐದನೇ ಪುಟದಲ್ಲಿ ಹೆಂಗಸು ಅಳುವಾಗ ನಿಮಗೆ ಏನೂ ಅನ್ನಿಸಲಿಲ್ಲ ಎಂದುಕೊಳ್ಳಿ. ಐದನೇ ಪುಟದ ವಾಕ್ಯಗಳನ್ನು ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ. ಆಕೆ ಕಳೆದುಕೊಂಡದ್ದು ಆಕೆಗೆ ಎಷ್ಟು ಬೇಕಾಗಿತ್ತು ಎಂದು ಎರಡನೇ ಪುಟದಲ್ಲಿ ತೋರಿಸಿರುವುದಿಲ್ಲ. ಹೀಗೆ ಹಿಂದಕ್ಕೆ ನಡೆದು ಕಾರಣ ಹಿಡಿಯುವ ಅಭ್ಯಾಸ ಬೇರೆಯವರ ಕಥೆಯಲ್ಲೇ ಬರಬೇಕು. ಸ್ವಂತ ಕಥೆಯಲ್ಲಿ ಬರುವುದಿಲ್ಲ, ಯಾಕೆಂದರೆ ಪುಟದಲ್ಲಿ ಇಲ್ಲದ್ದು ನಮ್ಮ ತಲೆಯಲ್ಲಿ ಇದ್ದೇ ಇರುತ್ತದೆ.

ಈಗ ಟಿಪ್ಪಣಿ ಬರೆಯಿರಿ. ಒಂದು ಪುಟ ಸಾಕು. ಶುರುವಿನಲ್ಲಿ ತೀರ್ಪು ಬೇಡ. ಮೊದಲ ಮೂರು ನಾಲ್ಕು ಸಾಲಿನಲ್ಲಿ "ನಾನು ಓದಿದ ಹಾಗೆ ಈ ಕಥೆ ಇದು" ಎಂದು ನಿಮ್ಮ ಮಾತಲ್ಲಿ ಹೇಳಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನನ್ನು ಕೇಳಿದರೆ ಇಡೀ ಟಿಪ್ಪಣಿಯಲ್ಲಿ ಇದೇ ಹೆಚ್ಚು ಬೆಲೆಯದ್ದು. ಗಡಿಯಾರದ ಮುದುಕನ ಕಥೆಯನ್ನು ನಾನು ಮುಪ್ಪಿನ ಬಗ್ಗೆ ಬರೆದಿದ್ದೆ. ಐದರಲ್ಲಿ ಮೂರು ಟಿಪ್ಪಣಿಗಳು ಇದು ಸುಳ್ಳು ಹೇಳುವ ಬಗೆಗಿನ ಕಥೆ ಎಂದವು. ಮುದುಕ ಕಣ್ಣಿನ ವಿಷಯ ಮುಚ್ಚಿಟ್ಟು ಗಿರಾಕಿಗಳ ಗಡಿಯಾರ ತೆಗೆದುಕೊಳ್ಳುತ್ತಿದ್ದಾನಲ್ಲ! ನನಗೆ ಅದು ಹೊಳೆದೇ ಇರಲಿಲ್ಲ. ಯಾರೂ "ಚೆನ್ನಾಗಿದೆ", "ಚೆನ್ನಾಗಿಲ್ಲ" ಎನ್ನದೆಯೇ ಕಥೆ ಬದಲಾಯಿತು.

ಆಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ. ಕಥೆ ಯಾರದ್ದು, ಅವರಿಗೆ ಏನು ಬೇಕು, ಅದಕ್ಕೆ ಅಡ್ಡಿ ಏನು, ಕೊನೆಗೆ ಏನು ಬದಲಾಯಿತು. ನಂತರ ದೃಶ್ಯಗಳು. ಕಾಗುಣಿತ ಕಟ್ಟಕಡೆಗೆ, ಅದೂ ಕರಡಿನ ಮೇಲೆಯೇ ಗುರುತು ಹಾಕಿದರೆ ಸಾಕು. ಇಡೀ ಪುಟ ಕಾಗುಣಿತದ ಬಗ್ಗೆಯೇ ಬರೆಯುವವರು ಇರುತ್ತಾರೆ. ಅವರು ಕಥೆ ಓದಿಲ್ಲ.

ಎರಡು ಟಿಪ್ಪಣಿ ನೋಡಿ. ಒಂದು: "ಮಗನ ಪಾತ್ರ ಗಟ್ಟಿಯಾಗಿಲ್ಲ, ಇನ್ನಷ್ಟು ಬೆಳೆಸಬಹುದಿತ್ತು." ಇದನ್ನು ಯಾವ ಕಥೆಯ ಕೆಳಗೆ ಬೇಕಾದರೂ ಬರೆಯಬಹುದು. ಇನ್ನೊಂದು: "4ನೇ ಪುಟದಲ್ಲಿ ಮಗ ಬಾಗಿಲಲ್ಲಿ ನಿಂತಾಗ ಅವನು ಜಗಳಕ್ಕೆ ಬಂದಿದ್ದಾನೆ ಅಂದುಕೊಂಡೆ. 5ರಲ್ಲಿ ಅವನು ಸ್ಟೂಲ್ ಎಳೆದುಕೊಂಡು ಕೂತು ಹವಾಮಾನದ ಬಗ್ಗೆ ಮಾತಾಡಿದ. ಅಲ್ಲಿಂದ ಮುಂದೆ ಅವನು ಯಾಕೆ ಬಂದ ಅನ್ನುವುದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು, ಉಳಿದದ್ದು ಸರಿಯಾಗಿ ಓದಲಿಲ್ಲ." ಎರಡನೆಯದು ಬಂದರೆ ಅವತ್ತೇ ಕೆಲಸ ಶುರು ಮಾಡಬಹುದು. ಅದರಲ್ಲಿ ಸಲಹೆಯೇ ಇಲ್ಲ, ಗಮನಿಸಿದಿರಾ? ಓದುವಾಗ ಏನಾಯಿತು ಎಂಬುದಷ್ಟೇ ಇದೆ.

ಹೊಗಳುವುದಿದ್ದರೂ ಹಾಗೇ. "ಭಾಷೆ ಸೊಗಸಾಗಿದೆ" ಅಂದರೆ ಕಥೆಗಾರರಿಗೆ ಖುಷಿ ಆಗುತ್ತದೆ, ಆದರೆ ಕೈಗೆ ಏನೂ ಸಿಗುವುದಿಲ್ಲ. ಯಾವ ವಾಕ್ಯ, ಅದು ಏನು ಮಾಡಿತು ಎಂದು ಹೇಳಿ. ಚೆನ್ನಾಗಿರುವುದನ್ನು ಗುರುತು ಮಾಡದಿದ್ದರೆ ತಿದ್ದುವ ಭರದಲ್ಲಿ ಅದೂ ಹೋಗಿಬಿಡಬಹುದು.

ಒಂದು ದೊಡ್ಡ ಆಸೆಯನ್ನು ಮಾತ್ರ ಹತ್ತಿಕ್ಕಬೇಕು. "ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ" ಎಂಬ ಆಸೆ. ನೀವು ಬರೆಯುವ ಕಥೆ ನಿಮ್ಮ ಬಳಿಯೇ ಇರಲಿ.

ಕೂತು ಮಾತಾಡುವ ದಿನ

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಬರಹಗಾರರ ಕಮ್ಮಟ ಶುರುವಾಯಿತು. ಕಥೆಗಾರ ಬಾಯಿ ಮುಚ್ಚಿ ಕೂರಬೇಕು, ಉಳಿದವರು ಅವನು ಅಲ್ಲಿ ಇಲ್ಲವೇನೋ ಎನ್ನುವ ಹಾಗೆ ಮಾತಾಡಬೇಕು ಎಂಬ ಪದ್ಧತಿಗೆ ಇವತ್ತಿಗೂ ಜನ ಆ ಕಮ್ಮಟದ ಹೆಸರನ್ನೇ ಹೇಳುತ್ತಾರೆ. ವಿಜ್ಞಾನ ಕಥೆಗಾರರು 1956ರಲ್ಲಿ ಅಮೆರಿಕದ್ದೇ ಮಿಲ್ಫರ್ಡ್ ಎಂಬ ಊರಿನಲ್ಲಿ ಸೇರಿ ಇನ್ನೊಂದು ಕ್ರಮ ಬೆಳೆಸಿದರು. ದುಂಡಗೆ ಕೂರುವುದು, ಒಬ್ಬರಾದ ಮೇಲೆ ಒಬ್ಬರು ನಿಗದಿತ ನಿಮಿಷ ಮಾತಾಡುವುದು, ನಡುವೆ ಯಾರೂ ಬಾಯಿ ಹಾಕದಿರುವುದು, ಕೊನೆಗೆ ಕಥೆಗಾರರ ಉತ್ತರ. 1968ರಲ್ಲಿ ಆರಂಭವಾದ ಕ್ಲಾರಿಯನ್ ಕಮ್ಮಟ ಇದನ್ನೇ ತನ್ನದಾಗಿಸಿಕೊಂಡಿತು. ಜೋರು ಗಂಟಲಿನ ಒಬ್ಬರು ಇರುವ ಗುಂಪಿಗೆ ಇದು ತುಂಬಾ ಒಳ್ಳೆಯದು. ಮೆತ್ತಗೆ ಮಾತಾಡುವವರಿಗೂ ಅಷ್ಟೇ ನಿಮಿಷ ಸಿಗುತ್ತದೆ.

ಬಾಯಿ ಮುಚ್ಚಿಸುವ ಪದ್ಧತಿಗೆ ಈಚೆಗೆ ಸಾಕಷ್ಟು ವಿರೋಧವೂ ಬಂದಿದೆ, ಅದರಲ್ಲಿ ಹುರುಳಿದೆ. ಕೋಣೆಯಲ್ಲಿ ಕೂತವರೆಲ್ಲ ಒಂದೇ ಬಗೆಯ ಬದುಕು ಕಂಡವರು, ಕಥೆ ಬೇರೆ ಬದುಕಿನದ್ದು ಎಂದುಕೊಳ್ಳಿ. ಅರ್ಧ ಗಂಟೆ ಪೂರ್ತಿ ತಪ್ಪು ದಾರಿಯಲ್ಲೇ ಹೋಗಬಹುದು. ಕಥೆಗಾರ ಒಂದು ಮಾತಲ್ಲಿ ಸರಿಮಾಡಬಹುದಾದ ವಿಷಯಕ್ಕೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ.

ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಕ್ರಮ ಇದಕ್ಕೆ ಒಳ್ಳೆಯ ಮದ್ದು. ಅದರಲ್ಲಿ ನಾಲ್ಕು ಹೆಜ್ಜೆ. ಮೊದಲು ನೋಡಿದವರು ತಮ್ಮನ್ನು ತಟ್ಟಿದ್ದು ಏನು ಎಂದು ಹೇಳುತ್ತಾರೆ. ಆಮೇಲೆ ಕಲಾವಿದರು ತಮ್ಮ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ. ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ, ಅಭಿಪ್ರಾಯ. ಮೂರನೇ ಹೆಜ್ಜೆ ಕೇಳಿದಷ್ಟು ಸುಲಭ ಅಲ್ಲ. "ಯಾಕೆ ಇಷ್ಟು ಉದ್ದ ಎಳೆದಿದ್ದೀರಿ?" ಎಂಬುದು ಪ್ರಶ್ನೆಯ ವೇಷ ಹಾಕಿದ ಅಭಿಪ್ರಾಯ. "ಈ ಭಾಗ ಎಷ್ಟು ಹೊತ್ತು ನಡೆದ ಹಾಗೆ ಓದುಗರಿಗೆ ಅನ್ನಿಸಬೇಕು?" ಎಂದರೆ ನಿಜವಾದ ಪ್ರಶ್ನೆ.

ನನಗೆ ಒಗ್ಗಿರುವುದು ಮಿಲ್ಫರ್ಡ್ ಕ್ರಮ, ಲರ್ಮನ್ ಕ್ರಮ ಎರಡರ ಮಿಶ್ರಣ. ಕರಡಿನ ಜೊತೆಗೇ ಕಥೆಗಾರರು ಎರಡು ಪ್ರಶ್ನೆ ಬರೆದು ಕೊಡುತ್ತಾರೆ, ಆದರೆ ಕಥೆಯ ಹಿನ್ನೆಲೆ ಹೇಳುವುದಿಲ್ಲ. ದುಂಡಗೆ ಸರದಿ ನಡೆಯುತ್ತದೆ. ಆಮೇಲೆ ಮುಕ್ತ ಮಾತು, ಅದರಲ್ಲಿ ಕಥೆಗಾರರು ಪ್ರಶ್ನೆ ಕೇಳಬಹುದು, ಸಮರ್ಥನೆ ಮಾಡುವಂತಿಲ್ಲ. "ಚೆನ್ನಾಗಿದೆಯಾ?" ಎಂದು ಮಾತ್ರ ಕೇಳಬೇಡಿ. ಅದಕ್ಕೆ ಹೌದು ಎಂದೇ ಉತ್ತರ ಬರುತ್ತದೆ. "ಮುದುಕನಿಗೆ ಕಣ್ಣು ಕಾಣುವುದಿಲ್ಲ ಎಂದು ನಿಮಗೆ ಯಾವ ಪುಟದಲ್ಲಿ ಗೊತ್ತಾಯಿತು?" ಎಂಬಂಥ ಪ್ರಶ್ನೆ ಕೇಳಿ.

ನಿಮ್ಮ ಸರದಿ ಬಂದಾಗ ಕೈಗೆ ಕೆಲಸ ಕೊಡಿ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ನಿಮ್ಮ ಮಾತಿಗೆ ತಿರುಗಿಸಿ ಬರೆದರೆ ಆಗಲೇ ಅರ್ಧ ವಾದ ಶುರು ಮಾಡಿದ್ದೀರಿ ಎಂದು ಲೆಕ್ಕ. "ಅದು ಆಮೇಲೆ ಬರುತ್ತದೆ", "ನಿಜವಾಗಿಯೂ ಹಾಗೇ ನಡೆದಿತ್ತು" ಎಂಬ ಎರಡು ಮಾತು ನಾಲಿಗೆ ತುದಿಗೆ ಬಂದೇ ಬರುತ್ತವೆ. ನುಂಗಿಕೊಳ್ಳಿ. ನಿಜವಾಗಿ ನಡೆದದ್ದು ಪುಟದ ಮೇಲೆ ನಂಬುವಂತೆ ಇಲ್ಲದಿದ್ದರೆ ಅದು ಬರವಣಿಗೆಯ ತೊಂದರೆ.

ಬಂದ ಟಿಪ್ಪಣಿಗಳನ್ನು ಬಿಡಿಸಿಕೊಳ್ಳುವುದು

ಮೂರು ದಿನ ಏನನ್ನೂ ಮುಟ್ಟಬೇಡಿ. ಮೊದಲ ದಿನ ಎಲ್ಲರೂ ದಡ್ಡರು ಅನ್ನಿಸುತ್ತದೆ. ಎರಡನೇ ದಿನ ನಾನೇ ದಡ್ಡ ಅನ್ನಿಸುತ್ತದೆ. ಮೂರನೇ ದಿನ ಹೊಟ್ಟೆ ಸ್ವಲ್ಪ ತಣ್ಣಗಾಗಿರುತ್ತದೆ.

ಆಮೇಲೆ ಎಲ್ಲ ಟಿಪ್ಪಣಿಗಳನ್ನೂ ಪುಟದ ಪ್ರಕಾರ ಒಂದೇ ಕರಡಿನ ಮೇಲೆ ಇಳಿಸಿ. ಯಾರು ಹೇಳಿದ್ದು ಎಂಬ ಹೆಸರು ಬರೆಯಬೇಡಿ. ಹೆಸರು ಇದ್ದರೆ ನಾವು ಮಾತು ತೂಗುವುದಿಲ್ಲ, ಆಳು ತೂಗುತ್ತೇವೆ. ಈಗ ಪ್ರತಿ ಟಿಪ್ಪಣಿಯಲ್ಲೂ ಎರಡು ಭಾಗ ಬೇರೆ ಮಾಡಿ. ಓದುವಾಗ ಏನಾಯಿತು ಎಂಬುದು ಸಾಕ್ಷಿ. ಏನು ಮಾಡಬೇಕು ಎಂಬುದು ಸಲಹೆ. ಸಾಕ್ಷಿಯನ್ನು ನಂಬಿ. ಸಲಹೆಯನ್ನು ಪಕ್ಕಕ್ಕಿಡಿ, ಬೇಕಾದರೆ ಆಮೇಲೆ ನೋಡಿದರಾಯಿತು.

ಗಡಿಯಾರದ ಕಥೆಗೆ ಬಂದದ್ದು ನೋಡಿ. ಇಬ್ಬರು ಮಗ ತೀರಾ ಕಲ್ಲು ಮನಸ್ಸಿನವನು, ಸ್ವಲ್ಪ ಮೆದು ಮಾಡಿ ಎಂದರು. ಒಬ್ಬರು ಅವನು ತೀರಾ ಮೆದು, ಜಗಳ ಆಡಲಿ ಎಂದರು. ನಾಲ್ಕನೆಯವರ ಟಿಪ್ಪಣಿ ಮೇಲೆ ಕೊಟ್ಟಿದ್ದೇನೆ, ಅವನು ಯಾಕೆ ಬಂದ ಅಂತಲೇ ತಿಳಿಯಲಿಲ್ಲ ಎಂಬುದು. ಐದನೆಯವರು ಮಗನ ಬಗ್ಗೆ ಮಾತೇ ಎತ್ತಲಿಲ್ಲ. ಮೊದಲ ನೋಟಕ್ಕೆ ಇವು ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗಾಗಿ ನನ್ನಿಷ್ಟ ಬಂದಂತೆ ಬಿಡಬಹುದು ಎಂದುಕೊಂಡೆ, ಒಳಗೊಳಗೇ ಖುಷಿಯೂ ಆಯಿತು. ಆದರೆ ನಾಲ್ವರೂ ಎಡವಿದ್ದು ಒಂದೇ ಪುಟದಲ್ಲಿ. ಮಗನಿಗೆ ಆ ದಿನ ಏನೂ ಬೇಕಾಗಿರಲಿಲ್ಲ, ತೊಂದರೆ ಅದೇ. ಅವನನ್ನು ಕಥೆಗೆ ಕರೆತಂದವನು ನಾನು, ಯಾಕೆಂದರೆ ಮುದುಕನ ಜೊತೆ ಮಾತಾಡಲು ನನಗೆ ಒಬ್ಬರು ಬೇಕಿತ್ತು. ಬೇಕು ಎನ್ನುವುದು ಇಲ್ಲದ ಪಾತ್ರದ ಒಳಗೆ ಓದುಗರು ತಮಗೆ ತೋಚಿದ ಮನಸ್ಸು ತುಂಬುತ್ತಾರೆ. ಒಬ್ಬರಿಗೆ ಕಲ್ಲು, ಒಬ್ಬರಿಗೆ ಬೆಣ್ಣೆ.

ಆಮೇಲೆ ಮಗನ ಕೈಗೆ ಒಂದು ಕಾಗದ ಕೊಟ್ಟೆ. ಅದಕ್ಕೆ ಅಪ್ಪನ ಸಹಿ ಬೇಕು, ಸಂಜೆಯ ಬಸ್ಸಿಗೆ ಮೊದಲು ಬೇಕು. ಮುದುಕನಿಗೆ ಸಹಿ ಹಾಕುವ ಜಾಗ ಕಾಣುವುದಿಲ್ಲ, ಅದನ್ನು ಹೇಳಲೂ ಆಗುವುದಿಲ್ಲ. ಮಗನನ್ನು ಮೆದುವೂ ಮಾಡಲಿಲ್ಲ, ಗಡುಸೂ ಮಾಡಲಿಲ್ಲ. ಅವನ ಮಾತುಗಳಲ್ಲಿ ಅರ್ಧದಷ್ಟು ಹಾಗೇ ಇವೆ. ಆ ದೂರು ಮತ್ತೆ ಬರಲಿಲ್ಲ.

ಎಲ್ಲವನ್ನೂ ಒಪ್ಪಬೇಕಿಲ್ಲ. ಒಬ್ಬರೇ ಹೇಳಿದ ಮಾತು ಕೇಳಿದ ಕೂಡಲೇ "ಅಯ್ಯೋ, ಹೌದಲ್ಲ" ಎಂದು ಹೊಟ್ಟೆಯಲ್ಲಿ ಚುರುಕ್ ಎಂದರೆ ಅದು ನಾಲ್ವರು ಹೇಳಿದ್ದಕ್ಕಿಂತ ದೊಡ್ಡದು. ಎಲ್ಲರೂ ಹೇಳಿದ್ದರೂ ಕಥೆಯ ಪ್ರಾಣವನ್ನೇ ತೆಗೆಯುವ ಮಾತಾದರೆ ಬಿಡಿ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಗೆಳೆಯರ ಗುಂಪಿನ ಮುಂದೆ ತಮ್ಮ ದೊಡ್ಡ ಕಾದಂಬರಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಅಧ್ಯಾಯಗಳನ್ನು ಬರೆದಂತೆ ಬರೆದಂತೆ ಓದುತ್ತಿದ್ದರು. ಟೀಕೆ ಬಂದರೆ ಅವರದು ಎರಡೇ ದಾರಿ, ಒಂದೋ ಇಡೀ ಕೃತಿಯನ್ನು ಮೊದಲಿಂದ ಶುರು ಮಾಡುವುದು, ಇಲ್ಲವೇ ಗಮನಕ್ಕೇ ತೆಗೆದುಕೊಳ್ಳದಿರುವುದು ಎಂದು ಅದೇ ಗುಂಪಿನ ಲೇಖಕ ಸಿ. ಎಸ್. ಲೂಯಿಸ್ ಒಂದು ಪತ್ರದಲ್ಲಿ ಬರೆದಿದ್ದಾರೆ. ನಮ್ಮಂಥವರಿಗೆ ನಡುವಿನ ದಾರಿಯೇ ವಾಸಿ ಅನ್ನಿ.

ತಿದ್ದುವುದು

ಹಳೆಯ ಕಡತದ ಮೇಲೆಯೇ ತಿದ್ದಬೇಡಿ. ಅದನ್ನು ತಾರೀಖು ಹಾಕಿ ಎತ್ತಿಡಿ, ಹೊಸ ಕಡತ ತೆರೆಯಿರಿ. ಕಳೆದುಹೋಗುವ ಭಯ ಇಲ್ಲದಿದ್ದರೆ ಕತ್ತರಿ ಧೈರ್ಯವಾಗಿ ಆಡುತ್ತದೆ.

ಮೊದಲ ಸುತ್ತಿನಲ್ಲಿ ವಾಕ್ಯ ಮುಟ್ಟುವಂತಿಲ್ಲ. ಒಂದು ಹಾಳೆಯ ಮೇಲೆ ಪ್ರತಿ ದೃಶ್ಯಕ್ಕೂ ಒಂದು ಸಾಲು ಬರೆಯಿರಿ. ಯಾರಿಗೆ ಏನು ಬೇಕು, ದೃಶ್ಯ ಮುಗಿದಾಗ ಏನು ಬೇರೆಯಾಗಿದೆ. ನೀವು ಬರೆಯಬೇಕು ಎಂದುಕೊಂಡದ್ದನ್ನಲ್ಲ, ಪುಟದಲ್ಲಿ ಇರುವುದನ್ನು ಬರೆಯಿರಿ. ಏನೂ ಬೇರೆಯಾಗದ ದೃಶ್ಯ ಸಿಕ್ಕರೆ ಅದನ್ನು ತೆಗೆಯಿರಿ, ಇಲ್ಲವೇ ಪಕ್ಕದ ದೃಶ್ಯಕ್ಕೆ ಸೇರಿಸಿ. ನನ್ನ ಕರಡಿನಲ್ಲಿ ಒಂಬತ್ತು ದೃಶ್ಯ ಇತ್ತು, ಪಟ್ಟಿ ಮಾಡಿದ ಮೇಲೆ ಆರು ಉಳಿಯಿತು. ಮೊದಲ ಎರಡು ಪುಟದ ಬೆಳಗಿನ ವರ್ಣನೆಯ ಎದುರು ಬರೆಯಲು ನನಗೆ ಏನೂ ತೋಚಲಿಲ್ಲ. "ಬೆಳಗಾಯಿತು" ಎಂದು ಬರೆದೆ. ಅಷ್ಟೇ ನಡೆದಿತ್ತು.

ಎರಡನೇ ಸುತ್ತಿನಲ್ಲಿ ಬದಲಾದ ದೃಶ್ಯಗಳನ್ನು ಹಳೆಯದನ್ನು ನೋಡದೆ ಮತ್ತೆ ಬರೆಯಿರಿ. ನಕಲು ಮಾಡಿ ಅಂಟಿಸುವುದು ಬೇಡ. ಕೈ ಮತ್ತೊಮ್ಮೆ ಬರೆಯುವಾಗ ಬೇಡದ ವಾಕ್ಯಕ್ಕೆ ಸೋಮಾರಿತನ ಮಾಡುತ್ತದೆ, ಆ ಸೋಮಾರಿತನ ಒಳ್ಳೆಯ ಸಂಪಾದಕ. ನೆನಪಿನಲ್ಲಿ ಉಳಿಯದ ಸಾಲು ಬಹಳ ಸಲ ಉಳಿಯಬೇಕಾದ್ದೂ ಅಲ್ಲ. ಉಳಿಯಬೇಕಿತ್ತು ಎನ್ನಿಸಿದರೆ ಎತ್ತಿಟ್ಟ ಕರಡಿನಲ್ಲಿ ಇದ್ದೇ ಇರುತ್ತದೆ.

ಮೂರನೆಯದು ವಾಕ್ಯಗಳ ಸುತ್ತು. ಇಲ್ಲಿ ಕನ್ನಡದ್ದೇ ಆದ ಕೆಲವು ಕಾಟಗಳಿವೆ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಒಂದು ಪ್ಯಾರಾದಲ್ಲಿ "ಬಂದನು, ಕುಳಿತನು, ನೋಡಿದನು, ಎದ್ದನು" ಎಂದು ಒಂದೇ ತಾಳ ಬಡಿಯತೊಡಗುತ್ತದೆ. ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಗೆರೆ ಹಾಕುತ್ತಾ ಹೋಗಿ, ತಾಳ ಕಣ್ಣಿಗೇ ಕಾಣುತ್ತದೆ. ಒಂದೆರಡನ್ನು ಸೇರಿಸಿ ("ಬಂದು ಕೂತ"), ಒಂದನ್ನು ಕ್ರಿಯಾಪದವೇ ಇಲ್ಲದೆ ನಿಲ್ಲಿಸಿ ("ಮೇಜಿನ ಮೇಲೆ ಬಿಚ್ಚಿದ ಗಡಿಯಾರ, ಹತ್ತು ಸಣ್ಣ ಸ್ಕ್ರೂ").

"ಒಂದು ಕ್ಷಣ", "ಇದ್ದಕ್ಕಿದ್ದಂತೆ", "ಯಾಕೋ ಏನೋ", "ಒಂದು ಬಗೆಯ" ಇವನ್ನು ಹುಡುಕಿ ಎಣಿಸಿ. ನನ್ನ ಕರಡಿನಲ್ಲಿ "ಒಂದು ಕ್ಷಣ" ಹನ್ನೊಂದು ಸಲ ಇತ್ತು. ಗಡಿಯಾರದ ಕಥೆ ಎಂದು ಸಮಜಾಯಿಷಿ ಕೊಡಬಹುದಿತ್ತು, ಕೊಡಲಿಲ್ಲ. "ಅವನಿಗೆ ಬೇಸರವೆನಿಸಿತು" ಎಂಬಲ್ಲಿ ಬೇಸರವಾದವನು ಏನು ಮಾಡಿದ ಎಂದು ಬರೆದು ನೋಡಿ. ಪ್ರತಿ ಸಲವೂ ಬೇಡ. ಕೆಲವು ಕಡೆ "ಬೇಸರವಾಯಿತು" ಎಂದು ಹೇಳಿ ಮುಂದೆ ಹೋಗುವುದೇ ಮೇಲು. ಎಲ್ಲವನ್ನೂ ತೋರಿಸಹೊರಟರೆ ಕಥೆ ನಾಟಕದ ಸೂಚನೆಯ ಹಾಗೆ ಕಾಣುತ್ತದೆ.

ಸಂಭಾಷಣೆಯನ್ನು ಬೇರೆಯೇ ಓದಿ, ನಡುವಿನ ನಿರೂಪಣೆ ಬಿಟ್ಟು. ಗ್ರಂಥಭಾಷೆಯಲ್ಲಿ ಮಾತಾಡುವ ಪಾತ್ರ ಥಟ್ಟನೆ ಸಿಕ್ಕಿಬೀಳುತ್ತದೆ. "ನೀನು ಯಾವಾಗ ಬಂದೆ?" ಎಂದು ಮಗನನ್ನು ಕೇಳುವ ಅಪ್ಪ, "ಯಾವಾಗ್ ಬಂದ್ಯೋ?" ಎಂದು ಕೇಳುವ ಅಪ್ಪ ಇಬ್ಬರೂ ಬೇರೆ ಜನ. ನಿಮ್ಮ ಅಪ್ಪ ಯಾರು ಎಂದು ನಿರ್ಧರಿಸಿ, ಕೊನೆತನಕ ಅವನನ್ನೇ ಮಾತಾಡಿಸಿ. ಮಾತು ಮುಗಿದ ಮೇಲೆ "ಎಂದು ಕೋಪದಿಂದ ನುಡಿದ" ಎಂದು ಬರೆಯಬೇಕಾಗಿ ಬಂದರೆ ಕೋಪ ಮಾತಿನೊಳಗೆ ಬಂದಿಲ್ಲ ಎಂದೇ ಅರ್ಥ.

ಕೊನೆಯ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ಕಥೆ ಅಲ್ಲೇ ಮುಗಿದಿದೆಯಾ? ನಮ್ಮಲ್ಲಿ ಬಹಳ ಕಥೆಗಳು ಮುಗಿದ ಮೇಲೆ ಇನ್ನೊಂದು ಪ್ಯಾರಾ ಓಡುತ್ತವೆ. ಅಮೆರಿಕದ ಲೇಖಕ ಹೆಮಿಂಗ್‌ವೇ ತಮ್ಮ ಒಂದು ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಎಂದು ಸಂದರ್ಶನದಲ್ಲಿ ಹೇಳಿದ್ದರು. 2012ರಲ್ಲಿ ಹೊಸ ಆವೃತ್ತಿ ಬಂದಾಗ ಅದರ ಜೊತೆ ಅಚ್ಚಾದ ಬೇರೆ ಬೇರೆ ಅಂತ್ಯಗಳು 47. ನೆನಪು ಅವರಿಗೂ ಕೈಕೊಟ್ಟಿತು. ಹಳೆಯ ಕರಡುಗಳನ್ನು ಎತ್ತಿಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಕತ್ತರಿ ಯಾರ ಕೈಯಲ್ಲಿ

ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್ ಅವರ 1981ರ ಕಥಾ ಸಂಕಲನವನ್ನು ಸಂಪಾದಕ ಗಾರ್ಡನ್ ಲಿಶ್ ಎಷ್ಟು ಕತ್ತರಿಸಿದರೆಂದರೆ ಕೆಲವು ಕಥೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಅಚ್ಚು ನಿಲ್ಲಿಸಿ ಎಂದು ಕಾರ್ವರ್ ಗೋಗರೆದು ಪತ್ರ ಬರೆದರು. ಪುಸ್ತಕ ಹೊರಬಂತು, ಹೆಸರೂ ತಂದಿತು. ಕತ್ತರಿಸದ ಮೂಲ ಕಥೆಗಳು ಪ್ರತ್ಯೇಕ ಪುಸ್ತಕವಾಗಿ ಬಂದದ್ದು 2009ರಲ್ಲಿ, ಕಾರ್ವರ್ ತೀರಿಕೊಂಡು ಇಪ್ಪತ್ತು ವರ್ಷ ದಾಟಿದ ಮೇಲೆ. ಯಾವುದು ಮೇಲು ಎಂದು ಜನ ಇನ್ನೂ ಜಗಳ ಆಡುತ್ತಾರೆ. ನನಗೆ ಕತ್ತರಿಸಿದ ಕಥೆಗಳು ಹೆಚ್ಚು ಇಷ್ಟ, ಆದರೆ ಆ ಪತ್ರ ಓದಿದ ಮೇಲೆ ಆ ಇಷ್ಟವನ್ನು ಜೋರಾಗಿ ಹೇಳಲು ಮುಜುಗರ ಆಗುತ್ತದೆ. ಗುಂಪಿನಲ್ಲಿ ಬೇರೆಯವರ ಕಥೆಯನ್ನು ತಿದ್ದಿ ಬರೆದೇ ಕೊಡುವ ಉತ್ಸಾಹ ಬಂದಾಗಲೆಲ್ಲ ಇದು ನೆನಪಾಗುತ್ತದೆ.

ಒಂದೇ ಕಥೆಯನ್ನು ಒಂದೇ ಗುಂಪಿಗೆ ಎರಡು ಸಲಕ್ಕಿಂತ ಹೆಚ್ಚು ತೋರಿಸಬೇಡಿ. ಮೂರನೇ ಸಲಕ್ಕೆ ಅವರಿಗೂ ಪುಟದಲ್ಲಿ ಇಲ್ಲದ್ದು ಕಾಣತೊಡಗುತ್ತದೆ. ಏನೂ ಗೊತ್ತಿಲ್ಲದ ಒಬ್ಬ ಓದುಗರನ್ನು ಕೊನೆಯ ಕರಡಿಗೆಂದೇ ಉಳಿಸಿಕೊಳ್ಳಿ. ಅವರಿಂದ ಟಿಪ್ಪಣಿ ಕೇಳಬೇಡಿ, ಕಥೆಯನ್ನು ಬಾಯಲ್ಲಿ ಹೇಳಲು ಕೇಳಿ. ಅವರು ಬಿಟ್ಟದ್ದು, ತಾವೇ ಸೇರಿಸಿದ್ದು ಎರಡೂ ಗಮನಿಸಿ.

ಗುಂಪುಗಳು ಮುರಿಯುವುದು ಕಟು ಮಾತಿನಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಜಾಸ್ತಿ ಮುರಿಯುವುದು ಸೌಜನ್ಯದಿಂದ. ಎಲ್ಲರೂ ಎಲ್ಲರನ್ನೂ ಹೊಗಳತೊಡಗುತ್ತಾರೆ, ಮೆಲ್ಲಗೆ ಯಾರಿಗೂ ಬರಬೇಕು ಅನ್ನಿಸುವುದಿಲ್ಲ. ಇನ್ನೊಂದು ಕಾರಣ, ತಮ್ಮ ಸರದಿಯ ದಿನ ಮಾತ್ರ ಬರುವವರು. ಅಂಥವರಿಗೆ ಒಂದು ಸಲ ಹೇಳಿ, ಎರಡನೇ ಸಲ ಬಿಡಿ. ಒಂದು ಗುಂಪಿನಿಂದ ಬಂದ ಮೇಲೆ ಮೂರು ನಾಲ್ಕು ಸಲ ಬರೆಯುವ ಮನಸ್ಸೇ ಸತ್ತುಹೋಗಿದ್ದರೆ ಸುಮ್ನೆ ಎದ್ದು ಬನ್ನಿ, ಕಾರಣ ಕೊಡಬೇಕಿಲ್ಲ.

ಗಡಿಯಾರದ ಕಥೆ ಈಗ ಮಗ ಬಾಗಿಲಲ್ಲಿ ಕಾಗದ ಹಿಡಿದು ನಿಲ್ಲುವಲ್ಲಿ ಶುರುವಾಗುತ್ತದೆ. ಕೊನೆಯ ಪ್ಯಾರಾ ತೆಗೆಯಿರಿ ಎಂದು ನಾಲ್ವರು ಹೇಳಿದ್ದರು. ಒಂದು ಸಾಲು ಬಿಟ್ಟು ಎಲ್ಲ ತೆಗೆದೆ. ಆ ಸಾಲೂ ಬೇಡ ಎಂದು ಅವರಲ್ಲಿ ಒಬ್ಬರು ಸಿಕ್ಕಾಗಲೆಲ್ಲ ಹೇಳುತ್ತಾರೆ. ಸಾಲು ಇನ್ನೂ ಅಲ್ಲೇ ಇದೆ.